ಹಳೆಯ ಪಿಕಪ್ಪಿನ ವ್ಯಾಕ್ಯೂಮ್ ಪೈಪುಗಳು: ಒಂದು ಮುರಿದರೆ ಎಲ್ಲವನ್ನೂ ಏಕೆ ಬದಲಿಸಬೇಕು

ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆಯ ಬದಿಯ ಗ್ಯಾರೇಜೊಂದರಲ್ಲಿ, ನಮ್ಮ ಹಳೆಯ ಡೀಸೆಲ್ ಪಿಕಪ್ಪಿನ ಬಾನೆಟ್ಟಿನೊಳಗೆ ಅರ್ಧ ದೇಹ ಇಳಿಸಿದ್ದ ಉಸ್ತಾದರು ಬೆರಳುದ್ದದ ಒಂದು ಕಪ್ಪು ಪೈಪಿನ ತುಂಡನ್ನು ತಂದು ನನ್ನ ಅಂಗೈಯಲ್ಲಿಟ್ಟರು. ನಾನು ಅದನ್ನು ತುಸು ಬಗ್ಗಿಸಿದ್ದೇ ತಡ, ಒಣಗಿದ ತೊಗರಿ ಕಟ್ಟಿಗೆಯ ಹಾಗೆ ಲಟಕ್ಕನೆ ಎರಡಾಯಿತು. ನಾನು ಗಾಡಿಯನ್ನು ಅಲ್ಲಿಗೆ ತಂದದ್ದು ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತಿದೆ ಎಂಬ ದೂರಿಗಾಗಿ. ಜೇವರ್ಗಿಯಿಂದ ತೊಗರಿ ಮೂಟೆ ಹೇರಿಕೊಂಡು ಗಂಜ್ ಮಾರುಕಟ್ಟೆಗೆ ಬರುವಾಗ, ರಸ್ತೆಯ ಹಂಪಿನ ಬಳಿ ಮೊದಲ ಸಲ ಒತ್ತಿದಾಗ ಸರಿಯಾಗಿ ಹಿಡಿದ ಬ್ರೇಕು, ಬೆನ್ನಿಗೇ ಎರಡನೆಯ ಸಲ ಒತ್ತಿದಾಗ ಕಾಲಿಗೆ ಜಗ್ಗುತ್ತಿರಲಿಲ್ಲ. ಆದರೆ ನನ್ನ ಕೈಯಲ್ಲಿ ಮುರಿದ ಪೈಪು ಬ್ರೇಕಿನದಾಗಿರಲಿಲ್ಲ. ಅದು ಹೊಗೆಯನ್ನು ಮರಳಿ ಇಂಜಿನ್ನಿಗೆ ತಿರುಗಿಸುವ ಇಜಿಆರ್ ವಾಲ್ವಿಗೆ ಹೋಗುವ, ಪೆನ್ಸಿಲ್‌ಗಿಂತ ತೆಳುವಾದ ಒಂದು ಪೈಪು. ಆ ಪೈಪಿಗೂ ಬ್ರೇಕಿಗೂ ಏನು ಸಂಬಂಧ ಎಂದು ಕೇಳಿದಾಗ ಉಸ್ತಾದರು ಸಂಬಂಧವನ್ನು ವಿವರಿಸಲಿಲ್ಲ. "ಒಂದೇ ಪೈಪ್ ಹೋಗ್ಯದ ಅಂತ ತಿಳ್ಕೋಬ್ಯಾಡ್ರಿ ಸರ, ಉಳಿದಾವ್ ಸರತಿಗೆ ನಿಂತಾವ" ಎಂದಷ್ಟೇ ಹೇಳಿದರು. ಅವರು ಹೇಳಿದ್ದು ಸರಿಯಾಗಿತ್ತು. ಅವರು ಹೇಳದೆ ಬಿಟ್ಟದ್ದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ ವ್ಯಾಕ್ಯೂಮ್ ಎಂಬ ಮಾತನ್ನೇ ಸ್ವಲ್ಪ ಬಿಡಿಸಿಕೊಳ್ಳಬೇಕು. ಶಾಲೆಯ ಪುಸ್ತಕ ಇದನ್ನು ನಿರ್ವಾತ ಎನ್ನುತ್ತದೆ, ಗ್ಯಾರೇಜಿನಲ್ಲಿ 'ವ್ಯಾಕಮ್ ಎಳೀತದ' ಎನ್ನುತ್ತಾರೆ. ನಿಜದಲ್ಲಿ ಅದು ಏನನ್ನೂ ಎಳೆಯುವುದಿಲ್ಲ. ಪೈಪಿನೊಳಗಿನ ಗಾಳಿಯನ್ನು ಪಂಪು ಹೊರಹಾಕಿದಾಗ, ಹೊರಗಿನ ವಾತಾವರಣವು ತನ್ನ ಭಾರದಿಂದ ಒಳಕ್ಕೆ ತಳ್ಳುತ್ತದೆ; ಕೆಲಸ ಮಾಡುವುದು ಆ ತಳ್ಳುವಿಕೆ. 1643ರಲ್ಲಿ ಇಟಲಿಯ ಟೊರಿಚೆಲ್ಲಿ ತೋರಿಸಿಕೊಟ್ಟಂತೆ, ಸಮುದ್ರಮಟ್ಟದಲ್ಲಿ ಈ ಭಾರವು ಸುಮಾರು 760 ಮಿಲಿಮೀಟರ್ ಎತ್ತರದ ಪಾದರಸದ ಕಂಬವನ್ನು ಎತ್ತಿ ಹಿಡಿಯಬಲ್ಲದು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದು 720ರ ಆಸುಪಾಸಿಗೆ ಇಳಿಯುತ್ತದೆ, ಇನ್ನೂ ಎತ್ತರದ ಬೀದರಿನಲ್ಲಿ ಮತ್ತಷ್ಟು ಕಡಿಮೆ. ಹಾಗಾಗಿ ನಮ್ಮೂರಿನಲ್ಲಿ ಎಷ್ಟೇ ಒಳ್ಳೆಯ ಪಂಪು ಹಾಕಿದರೂ ವ್ಯಾಕ್ಯೂಮ್ ಅಳೆಯುವ ಗೇಜಿನ ಮುಳ್ಳು 720ನ್ನು ದಾಟಲಾರದು. ಕರಾವಳಿಯಲ್ಲಿ ಓಡುವ ಗಾಡಿಯ ಅಂಕಿಯನ್ನು ಇಟ್ಟುಕೊಂಡು ಇಲ್ಲಿನ ಪಂಪನ್ನು ದೂರುವ ಮೊದಲು ಈ ಲೆಕ್ಕ ನೆನಪಿರಲಿ.

ಈ ತಳ್ಳುವಿಕೆಯ ಬಲ ಎಷ್ಟೆಂಬುದನ್ನು ಬ್ರೇಕ್ ಬೂಸ್ಟರಿನಲ್ಲಿ ನೋಡಬಹುದು. ಪೆಡಲಿನ ಮುಂದೆ, ಇಂಜಿನ್ ಕೋಣೆಯ ಹಿಂಗೋಡೆಗೆ ಅಂಟಿಕೊಂಡಿರುವ ಕಪ್ಪು ಡಬ್ಬಿಯೇ ಬೂಸ್ಟರ್. ಅದರೊಳಗೆ ಒಂದು ರಬ್ಬರ್ ಪರದೆಯಿದೆ. ಪರದೆಯ ವ್ಯಾಸ 9 ಇಂಚು ಎಂದಿಟ್ಟುಕೊಂಡರೆ ಅದರ ಹರವು ಸುಮಾರು 410 ಚದರ ಸೆಂಟಿಮೀಟರ್ ಆಗುತ್ತದೆ. ಪರದೆಯ ಒಂದು ಬದಿಯಲ್ಲಿ 500 ಮಿಲಿಮೀಟರ್ ವ್ಯಾಕ್ಯೂಮ್ ಇದ್ದು (ಅಂದರೆ ಅಲ್ಲಿನ ಒತ್ತಡ ಹೊರಗಿನದಕ್ಕಿಂತ ಪಾದರಸದ ಅಷ್ಟು ಮಿಲಿಮೀಟರ್ ಕಡಿಮೆಯಿದ್ದು), ಪೆಡಲ್ ಒತ್ತಿದಾಗ ಇನ್ನೊಂದು ಬದಿಗೆ ಹೊರಗಾಳಿ ನುಗ್ಗಿದರೆ, ಪರದೆಯ ಮೇಲೆ ಬೀಳುವ ಒತ್ತಡ ಸುಮಾರು 280 ಕಿಲೋ ತೂಕಕ್ಕೆ ಸಮ. ಅಂದರೆ ಮೂರು ಕ್ವಿಂಟಲ್ಲಿಗೆ ತುಸು ಕಡಿಮೆ ಭಾರ ನಿಮ್ಮ ಕಾಲಿನ ಜೊತೆಗೆ ನಿಂತು ಬ್ರೇಕ್ ಒತ್ತುತ್ತದೆ. ವ್ಯಾಕ್ಯೂಮ್ 250ಕ್ಕೆ ಇಳಿದರೆ ಆ ನೆರವು ಅರ್ಧವಾಗುತ್ತದೆ. ಬ್ರೇಕ್ ಎಣ್ಣೆ, ಲೈನಿಂಗು, ಡ್ರಮ್ಮು ಎಲ್ಲವೂ ಸರಿಯಾಗಿದ್ದರೂ ಗಾಡಿ ನಿಲ್ಲದಿರುವುದು ಈ ಕಾರಣಕ್ಕೆ.

ಪೆಟ್ರೋಲ್ ಗಾಡಿಗೂ ಡೀಸೆಲ್ ಗಾಡಿಗೂ ಇಲ್ಲೊಂದು ದೊಡ್ಡ ವ್ಯತ್ಯಾಸವಿದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯ ದಾರಿಗೆ ಅಡ್ಡಲಾಗಿ ಥ್ರಾಟಲ್ ತಟ್ಟೆಯಿರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಅದು ಮುಚ್ಚಿಕೊಂಡು, ಪಿಸ್ಟನ್ನುಗಳು ಗಾಳಿಗಾಗಿ ಒದ್ದಾಡುವಾಗ, ಗಾಳಿ ಒಳಹೋಗುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ತಾನಾಗಿಯೇ ವ್ಯಾಕ್ಯೂಮ್ ಹುಟ್ಟುತ್ತದೆ. ಹಳೆಯ ಡೀಸೆಲ್ ಇಂಜಿನ್ನಿನಲ್ಲಿ ಆ ತಟ್ಟೆಯೇ ಇಲ್ಲ. ಅದು ಯಾವಾಗಲೂ ಬಾಯ್ತುಂಬ ಗಾಳಿ ಕುಡಿಯುತ್ತದೆ, ಶಕ್ತಿಯನ್ನು ಡೀಸೆಲ್ಲಿನ ಪ್ರಮಾಣದಿಂದ ಮಾತ್ರ ಹೆಚ್ಚು ಕಡಿಮೆ ಮಾಡುತ್ತದೆ. ಆದ್ದರಿಂದ ಡೀಸೆಲ್ ಪಿಕಪ್ಪಿನಲ್ಲಿ ವ್ಯಾಕ್ಯೂಮನ್ನು ಒಂದು ಪಂಪು ದುಡಿದು ತರಬೇಕು. ನಮ್ಮ ದೇಶದ ಅನೇಕ ಹಳೆಯ ಡೀಸೆಲ್ ಗಾಡಿಗಳಲ್ಲಿ ಈ ಪುಟ್ಟ ಪಂಪು, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ಬೆನ್ನಿಗೆ ಕೂತಿರುತ್ತದೆ. ಬೆಲ್ಟು ತಿರುಗಿದಷ್ಟೇ ಅದೂ ತಿರುಗುತ್ತದೆ. ಐಡ್ಲಿಂಗಿನಲ್ಲಿ ನಿಧಾನ, ರೇಸ್ ಕೊಟ್ಟರೆ ಜೋರು.

ಪಂಪಿನಿಂದ ಹೊರಡುವ ದಪ್ಪ ಪೈಪು ಒಂದು ಒಮ್ಮುಖ ವಾಲ್ವಿನ ಮೂಲಕ ಬೂಸ್ಟರಿಗೆ ಹೋಗುತ್ತದೆ. ನಡುದಾರಿಯಲ್ಲಿ ಅದಕ್ಕೊಂದು 'ಟಿ' ಜೋಡಣೆಯಿದ್ದು, ಅಲ್ಲಿಂದ ತೆಳು ಪೈಪುಗಳು ಕವಲೊಡೆಯುತ್ತವೆ: ಇಜಿಆರ್ ವಾಲ್ವಿಗೊಂದು, ಕೆಲವು ಟರ್ಬೊ ಗಾಡಿಗಳಲ್ಲಿ ಟರ್ಬೊವನ್ನು ನಿಯಂತ್ರಿಸುವ ಆಕ್ಚುಯೇಟರಿಗೊಂದು, ಈ ಎರಡೂ ಕವಲುಗಳ ದಾರಿಯಲ್ಲಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವುಗಳು. ಬಾವಿ ಒಂದೇ, ಹೊಲಗಳು ಮೂರು ಎಂದುಕೊಳ್ಳಿ. ಮೂರನೆಯ ಹೊಲದ ಕಾಲುವೆ ಒಡೆದರೆ ಮೊದಲನೆಯ ಹೊಲಕ್ಕೂ ನೀರು ಸಾಲದು. ಇಜಿಆರ್ ಪೈಪು ಒಡೆದು ಬ್ರೇಕು ಗಟ್ಟಿಯಾದದ್ದು ಹೀಗೆ. ಒಮ್ಮುಖ ವಾಲ್ವು ಬೂಸ್ಟರಿನೊಳಗಿನ ಸಂಗ್ರಹವನ್ನು ಕಾಯುವುದರಿಂದ ಮೊದಲ ಒತ್ತಿಗೆ ಬ್ರೇಕು ಸರಿಯಾಗಿಯೇ ಹಿಡಿಯುತ್ತದೆ; ಖರ್ಚಾದ ವ್ಯಾಕ್ಯೂಮನ್ನು ತುಂಬಿಸಿಕೊಳ್ಳಲು ಪಂಪಿಗೆ ಪುರುಸೊತ್ತಾಗುವುದಿಲ್ಲ, ಎರಡನೆಯ ಒತ್ತಿಗೆ ಕೈಕೊಡುತ್ತದೆ. ಹಂಪಿನ ಬಳಿ ನನಗಾದದ್ದು ಅಕ್ಷರಶಃ ಇದೇ.

ಸಣ್ಣ ಬಿರುಕು ಇಷ್ಟೊಂದು ಮಾಡೀತೇ ಎಂಬ ಅನುಮಾನ ಸಹಜ. ಒಂದು ಲೆಕ್ಕ ಹಾಕೋಣ. ಪೈಪಿನೊಳಗಿನ ಒತ್ತಡ ಹೊರಗಿನದರ ಸುಮಾರು ಅರ್ಧಕ್ಕಿಂತ ಕೆಳಗಿಳಿದರೆ, ತೂತಿನ ಮೂಲಕ ನುಗ್ಗುವ ಗಾಳಿ ಶಬ್ದದ ವೇಗವನ್ನು ಮುಟ್ಟುತ್ತದೆ, ಅದಕ್ಕಿಂತ ಹೆಚ್ಚು ನುಗ್ಗಲಾರದು. ಆ ಸ್ಥಿತಿಯಲ್ಲಿ 1 ಮಿಲಿಮೀಟರ್ ಅಗಲದ ತೂತಿನಿಂದ ನಿಮಿಷಕ್ಕೆ ಏಳರಿಂದ ಒಂಬತ್ತು ಲೀಟರ್ ಗಾಳಿ ಒಳಬರುತ್ತದೆ. 2 ಮಿಲಿಮೀಟರ್ ತೂತಾದರೆ ಅದರ ನಾಲ್ಕು ಪಟ್ಟು. ಬೂಸ್ಟರಿನ ಹೊಟ್ಟೆ ಹಿಡಿಸುವುದೇ ಎರಡು ಮೂರು ಲೀಟರ್. ಐಡ್ಲಿಂಗಿನಲ್ಲಿ ನಿಧಾನವಾಗಿ ತಿರುಗುವ, ವಯಸ್ಸಾದ ಪಂಪು ಆ ಸೋರಿಕೆಯನ್ನು ಸರಿದೂಗಿಸುವುದೋ ಬೂಸ್ಟರನ್ನು ತುಂಬಿಸುವುದೋ?

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದೇ ಇಲ್ಲ, ನನ್ನ ಮಟ್ಟಿಗೆ ಅದು ಬ್ರೇಕಿನಷ್ಟೇ ಮುಖ್ಯ. ಆಲ್ಟರ್ನೇಟರಿನ ಬೆನ್ನಿನ ಪಂಪಿಗೆ ಜಾರುವಿಕೆಗಾಗಿ ಇಂಜಿನ್ ಆಯಿಲ್ ಸರಬರಾಜಾಗುತ್ತದೆ. ಆ ಆಯಿಲ್ಲೂ, ಪಂಪು ಹೀರಿದ ಗಾಳಿಯೂ ಒಟ್ಟಿಗೇ ಇಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿಗೆ ಮರಳುತ್ತವೆ. ಪೈಪು ಬಿರುಕು ಬಿಟ್ಟಿದ್ದರೆ ಹೀರುವ ಗಾಳಿಗೆ ಯಾವ ಫಿಲ್ಟರೂ ಇಲ್ಲ. ಬೇಸಿಗೆಯಲ್ಲಿ ಎರೆಮಣ್ಣಿನ ದೂಳು, ಸೇಡಂ ಮತ್ತು ವಾಡಿಯ ಕಡೆಗೆ ಹೋದರೆ ಸಿಮೆಂಟಿನ ದೂಳು, ಶಹಾಬಾದಿನ ಕಡೆ ಕಲ್ಲು ಕೊಯ್ಯುವ ಬಿಳಿ ಪುಡಿ, ಇವೆಲ್ಲ ಆ ಬಿರುಕಿನಿಂದ ಒಳಹೊಕ್ಕು, ಪಂಪಿನ ಅಲಗುಗಳನ್ನು ಸವೆಸಿ, ಕೊನೆಗೆ ಬೇರಿಂಗುಗಳನ್ನು ನಯಗೊಳಿಸಬೇಕಾದ ಆಯಿಲ್ಲನ್ನು ಸೇರುತ್ತವೆ. ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ಝಾಡಿಸುವ ಮಾಲೀಕರು ಈ ಹಿತ್ತಲ ಬಾಗಿಲನ್ನು ವರ್ಷಗಟ್ಟಲೆ ತೆರೆದಿಟ್ಟಿರುತ್ತಾರೆ.

ಪೈಪು ಗಟ್ಟಿಯಾಗುವುದೇಕೆ? ರಬ್ಬರ್ ಎಂದರೆ ಉದ್ದುದ್ದದ ಅಣುಸರಪಳಿಗಳ ಗೋಜಲು. ಅಲ್ಲಲ್ಲಿ ಗಂಧಕದ ಕೊಂಡಿಗಳು ಈ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತವೆ. ಕೊಂಡಿಗಳು ಕಡಿಮೆಯಿದ್ದಾಗ ರಬ್ಬರ್ ಎಳೆದರೆ ಹಿಗ್ಗುತ್ತದೆ. ಬಿಸಿಯಲ್ಲಿ ಆಮ್ಲಜನಕವು ಹೊಸ ಹೊಸ ಕೊಂಡಿಗಳನ್ನು ಹಾಕುತ್ತ ಹೋಗುತ್ತದೆ. ಜೊತೆಗೆ ರಬ್ಬರಿಗೆ ಮೃದುತ್ವ ಕೊಡಲು ಕಾರ್ಖಾನೆಯಲ್ಲಿ ಬೆರೆಸಿದ ಎಣ್ಣೆಯ ಅಂಶ ಆರಿಹೋಗುತ್ತದೆ. ಇಂಥ ರಾಸಾಯನಿಕ ಕ್ರಿಯೆಗಳ ವೇಗ, ಬಿಸಿ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ಸ್ಥೂಲ ಲೆಕ್ಕ. ಹೊರಗೆ 43 ಡಿಗ್ರಿ ಉರಿಯುವ ಮೇ ತಿಂಗಳಲ್ಲಿ ಗಾಡಿಯನ್ನು ಓಡಿಸಿ ಬಂದು ನಿಲ್ಲಿಸಿದರೆ, ಫ್ಯಾನೂ ನಿಂತು, ಎದುರು ಗಾಳಿಯೂ ಇಲ್ಲದೆ, ಬಾನೆಟ್ಟಿನೊಳಗಿನ ಶಾಖ ಕೆಲಹೊತ್ತು ಓಡುವಾಗ ಇದ್ದುದಕ್ಕಿಂತಲೂ ಮೇಲೇರುತ್ತದೆ. ಪೈಪು ಬೇಯುವುದು ಓಡುವಾಗಲ್ಲ, ಹೆಚ್ಚಾಗಿ ಹೀಗೆ ನಿಂತಾಗ. ಇದಲ್ಲದೆ ಗಾಳಿಯಲ್ಲಿರುವ ಓಝೋನ್, ಹಿಗ್ಗಿದ ರಬ್ಬರನ್ನು ಹುಡುಕಿಕೊಂಡು ಬಂದು ಸೀಳುತ್ತದೆ. ಅದಕ್ಕಾಗಿಯೇ ಬಿರುಕುಗಳು ಪೈಪಿನ ನಡುವಿಗಿಂತ ನಿಪ್ಪಲ್ಲಿನ (ಪೈಪು ತೊಡಿಸುವ ಮೂತಿಯ) ಮೇಲೆ ಬಿಗಿದು ಕೂತ ತುದಿಗಳಲ್ಲಿ ಮತ್ತು ಬಾಗಿದ ಜಾಗದ ಹೊರಮೈಯಲ್ಲಿ ಮೊದಲು ಕಾಣುತ್ತವೆ. ಇನ್ನು ತೊಗರಿ ಗೋದಾಮಿನ ಬಳಿ ನಿಲ್ಲುವ ಗಾಡಿಗಳ ಪೈಪುಗಳಿಗೆ ಇಲಿಗಳ ಕಾಟ ಬೇರೆ, ಅದಕ್ಕೆ ರಸಾಯನಶಾಸ್ತ್ರ ಬೇಕಿಲ್ಲ.

ಉಸ್ತಾದರ ಮಾತಿನ ಮರ್ಮ ಇಲ್ಲಿದೆ. ಎಲ್ಲ ಪೈಪುಗಳೂ ಒಂದೇ ದಿನ ಕಾರ್ಖಾನೆಯಲ್ಲಿ ಜೋಡಣೆಯಾದವು, ಒಂದೇ ಬಾನೆಟ್ಟಿನ ಕೆಳಗೆ ಅಷ್ಟೇ ವರ್ಷ ಬೆಂದವು. ಮೊದಲು ಒಡೆದದ್ದು ಎಕ್ಸಾಸ್ಟಿಗೆ ತುಸು ಹತ್ತಿರವಿತ್ತು, ಅಷ್ಟೇ ವ್ಯತ್ಯಾಸ. ಒಂದನ್ನು ಮಾತ್ರ ಬದಲಿಸಿದರೆ ವ್ಯಾಕ್ಯೂಮ್ ಮತ್ತೆ ಪೂರ್ಣಕ್ಕೇರಿ ಉಳಿದ ಹಳೆಯ ಗೋಡೆಗಳ ಮೇಲೆ ಹೊರಗಾಳಿಯ ಭಾರವೂ ಪೂರ್ಣವಾಗಿ ಬೀಳುತ್ತದೆ. ಹಾಗಾಗಿ ಒಂದು ಮುರಿದ ದಿನವೇ ಅಷ್ಟನ್ನೂ ತೆಗೆಯಿರಿ ಎಂದು ನಾನು ಹೇಳುವುದು. ಪ್ಲಾಸ್ಟಿಕ್ಕಿನ 'ಟಿ' ಜೋಡಣೆಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಆದರೆ ಪೈಪಿಗೆ ಹಣ ಹಾಕುವ ಮುನ್ನ ಪಂಪು ಜೀವಂತವಾಗಿದೆಯೇ ನೋಡಿಕೊಳ್ಳಬೇಕು. ಪಂಪಿನ ಬಾಯಿಗೆ ನೇರವಾಗಿ ವ್ಯಾಕ್ಯೂಮ್ ಗೇಜ್ ಹಚ್ಚಿ ಇಂಜಿನ್ ಚಾಲೂ ಮಾಡಿದರೆ, ಆರೋಗ್ಯವಾಗಿರುವ ಪಂಪು ಸಾಮಾನ್ಯವಾಗಿ 600 ಮಿಲಿಮೀಟರಿನ ಆಚೆಗೆ ಮುಳ್ಳನ್ನು ಒಯ್ಯುತ್ತದೆ. ನಿಖರ ಅಂಕಿಯನ್ನು ಆಯಾ ಗಾಡಿಯ ಕೈಪಿಡಿಯಲ್ಲಿ ನೋಡಬೇಕು. ಇಲ್ಲಿಯೇ ಮುಳ್ಳು ಸೋತರೆ ಅಲಗುಗಳು ಸವೆದಿವೆ, ಪೈಪು ಬದಲಿಸಿ ಪ್ರಯೋಜನವಿಲ್ಲ. ಪಂಪು ಸರಿಯಿದ್ದರೆ ಮುಂದೆ ಕವಲುಗಳನ್ನು ಒಂದೊಂದಾಗಿ ಸರಿಯಾದ ದಪ್ಪದ ಬೋಲ್ಟಿನಿಂದ ಮುಚ್ಚುತ್ತ ಹೋಗಬೇಕು. ಯಾವ ಕವಲನ್ನು ಮುಚ್ಚಿದಾಗ ಮುಳ್ಳು ಮೇಲೇಳುತ್ತದೆಯೋ ಸೋರಿಕೆ ಅದರಲ್ಲಿದೆ. ಸೊಲೆನಾಯ್ಡಿನ ಆಚೆ ಬದಿಯ ಪೈಪು ಒಡೆದಿದ್ದರೆ ಆ ವಾಲ್ವು ತೆರೆದಾಗ ಮಾತ್ರ ಸೋರುತ್ತದೆ, ಮುಚ್ಚಿದಾಗ ಎಲ್ಲವೂ ಸರಿಯೆಂಬಂತೆ ತೋರುತ್ತದೆ. ಬ್ರೇಕಿನ ದೂರು ಗ್ಯಾರೇಜಿಗೆ ಬಂದ ಕೂಡಲೇ ಮಾಯವಾಗುವುದಕ್ಕೆ ಇದೂ ಒಂದು ಕಾರಣ. ಅಂಥ ಪೈಪುಗಳನ್ನು ಕೈಯಿಂದ ಎಳೆಯುವ ಪುಟ್ಟ ವ್ಯಾಕ್ಯೂಮ್ ಪಂಪಿನಿಂದ, ಇಂಜಿನ್ ಆರಿಸಿ, ಬಿಡಿಬಿಡಿಯಾಗಿ ಪರೀಕ್ಷಿಸಬೇಕು: 500ರವರೆಗೆ ಎಳೆದು ಒಂದು ನಿಮಿಷ ಕಾದರೆ ಮುಳ್ಳು ಅಲುಗಬಾರದು.

ಗೇಜ್ ಇಲ್ಲದವರಿಗೆ ಕಿವಿಯೇ ಗತಿ. ಅರ್ಧ ಮೀಟರ್ ಉದ್ದದ ಯಾವುದಾದರೂ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದನ್ನು ಜೋಡಣೆಗಳ ಬಳಿ ಆಡಿಸಿದರೆ ಸಣ್ಣ ಸುಯ್ಯೆನ್ನುವ ಸದ್ದೂ ಸ್ಪಷ್ಟವಾಗುತ್ತದೆ. ಫ್ಯಾನು ಮತ್ತು ಬೆಲ್ಟಿನಿಂದ ಆ ಪೈಪನ್ನೂ ನಿಮ್ಮ ಅಂಗಿಯ ತೋಳನ್ನೂ ದೂರವಿಡಿ. ಪಂಕ್ಚರ್ ಅಂಗಡಿಯ ಸೋಪಿನ ನೀರು ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಗಾಳಿ ಹೊರಬರುವುದಿಲ್ಲ, ಒಳಹೋಗುತ್ತದೆ; ಗುಳ್ಳೆ ಏಳುವುದೇ ಇಲ್ಲ. ಊದಿನಕಡ್ಡಿಯ ಹೊಗೆ ಬಿರುಕಿನ ಕಡೆಗೆ ವಾಲುತ್ತದೆಂದು ಹೇಳುವವರಿದ್ದಾರೆ. ಫ್ಯಾನಿನ ಗಾಳಿಯಲ್ಲಿ ಹೊಗೆ ನಿಂತರಲ್ಲವೇ ವಾಲುವುದು? ಪೆಟ್ರೋಲ್ ಗಾಡಿಯ ಬಳಿಯಂತೂ ಆ ಪ್ರಯೋಗ ಬೇಡವೇ ಬೇಡ. ಎರಡು ಸದ್ದುಗಳನ್ನು ಮಾತ್ರ ಸೋರಿಕೆಯೆಂದು ತಪ್ಪು ತಿಳಿಯಬಾರದು. ಪೆಡಲ್ ಒತ್ತುವ ಕ್ಷಣದಲ್ಲಿ ಬೂಸ್ಟರಿನಿಂದ ಬರುವ ಸಣ್ಣ ಉಸಿರು ಸಹಜ. ಒತ್ತಿ ಹಿಡಿದಾಗಲೂ ಅದು ನಿಲ್ಲದಿದ್ದರೆ ಬೂಸ್ಟರಿನ ಪರದೆಯನ್ನೋ ವಾಲ್ವನ್ನೋ ಅನುಮಾನಿಸಬೇಕು. ಹಾಗೆಯೇ ಅನೇಕ ಸೊಲೆನಾಯ್ಡ್ ವಾಲ್ವುಗಳಿಗೆ ಸ್ಪಂಜಿನ ತುಣುಕಿರುವ ಒಂದು ಉಸಿರುಗಂಡಿ ಇರುತ್ತದೆ. ಅಲ್ಲಿ ಗಾಳಿ ಆಡಲೇಬೇಕು. ಅದನ್ನು ಸೋರಿಕೆಯೆಂದು ಎಂ-ಸೀಲ್ ಮೆತ್ತಿ ಮುಚ್ಚಿದ ಗಾಡಿಯೊಂದನ್ನು ನಾನೇ ನೋಡಿದ್ದೇನೆ.

ಹೊಸ ಪೈಪು ಕೊಳ್ಳುವಾಗ ಒಳವ್ಯಾಸ ಮುಖ್ಯ, ಹೊರಗಿನದಲ್ಲ. ಹಳೆಯ ತುದಿ ಹಿಗ್ಗಿರುವುದರಿಂದ ಅದನ್ನು ಅಳೆಯದೆ, ಪೈಪಿನ ನಡುಭಾಗವನ್ನು ಕೊಯ್ದು, ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಒಳತೂರಿಸಿ ಅಳೆದರೆ ಸರಿಯಾದ ಅಳತೆ ಸಿಗುತ್ತದೆ. ಗೋಡೆಯ ದಪ್ಪಕ್ಕೂ ಅಷ್ಟೇ ಮಹತ್ವವಿದೆ, ಯಾಕೆಂದರೆ ಈ ಪೈಪು ಒಳಗಿನಿಂದ ಉಬ್ಬಿ ಒಡೆಯುವುದಿಲ್ಲ, ಹೊರಗಿನಿಂದ ಅಮುಕಿಸಿಕೊಂಡು ಚಪ್ಪಟೆಯಾಗುತ್ತದೆ. ಸಲೈನ್ ಪೈಪು, ಹನಿ ನೀರಾವರಿಯ ಪೈಪು, ಮೀನಿನ ತೊಟ್ಟಿಯ ಪೈಪು ಹಾಕಿ 'ನಡೀತದ' ಎನ್ನುವುದುಂಟು. ತಣ್ಣಗಿರುವಾಗ ನಡೆಯುತ್ತದೆ ಕೂಡ. ಇಂಜಿನ್ ಕಾದ ಮೇಲೆ ಆ ಪ್ಲಾಸ್ಟಿಕ್ ಮೆತ್ತಗಾಗಿ, ಬಾಗಿದಲ್ಲಿ ನಾಲಿಗೆಯಂತೆ ಅಂಟಿಕೊಂಡು ದಾರಿ ಮುಚ್ಚುತ್ತದೆ. ಆರಿದಾಗ ಮತ್ತೆ ತೆರೆದುಕೊಳ್ಳುವುದರಿಂದ ದೋಷ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ರಬ್ಬರಿನ ಜಾತಿಯನ್ನೂ ಕೇಳಿ ಕೊಳ್ಳಬೇಕು. ನೈಟ್ರೈಲ್ ರಬ್ಬರ್ ಆಯಿಲ್ಲನ್ನು ತಡೆಯುತ್ತದೆ, ಬಿಸಿ ಮತ್ತು ಓಝೋನಿಗೆ ಸೋಲುತ್ತದೆ. ಇಪಿಡಿಎಂ ಇದಕ್ಕೆ ತದ್ವಿರುದ್ಧ. ಸಿಲಿಕೋನ್ ಶಾಖಕ್ಕೆ ಎಲ್ಲಕ್ಕಿಂತ ಗಟ್ಟಿ, ಆದರೆ ಆಯಿಲ್ ತಾಗಿದರೆ ಊದಿಕೊಳ್ಳುತ್ತದೆ, ತೆಳುವಾದದ್ದು ಚಪ್ಪಟೆಯಾಗುತ್ತದೆ. ಪಂಪಿನ ಬಾಯಿಯ ಬಳಿ ಆಯಿಲ್ ಆವಿ ಇದ್ದೇ ಇರುವುದರಿಂದ ಅಲ್ಲಿ ಆಯಿಲ್ ತಡೆಯುವ ಪೈಪನ್ನೇ, ಆಯಿಲ್ ಸುಳಿಯದ ತೆಳು ಕವಲುಗಳಿಗೆ ಇಪಿಡಿಎಂ ಅಥವಾ ದಪ್ಪ ಗೋಡೆಯ ಸಿಲಿಕೋನನ್ನು ಹಾಕುವುದು ಜಾಣತನ. ಬೂಸ್ಟರಿನ ದಪ್ಪ ಪೈಪಿನಲ್ಲಿ ಮಾತ್ರ ಈ ಯಾವ ಪ್ರಯೋಗವೂ ಬೇಡ: ಒಳಗೆ ನೂಲಿನ ಹೆಣಿಗೆಯಿರುವ, ಬ್ರೇಕ್ ಬೂಸ್ಟರಿಗೆಂದೇ ಮಾಡಿದ ಪೈಪನ್ನೇ ತರಬೇಕು.

ಕೆಲಸಕ್ಕೆ ಇಳಿಯುವ ಮೊದಲು ಇಂಜಿನ್ ಪೂರ್ತಿ ಆರಿರಬೇಕು, ಬ್ಯಾಟರಿಯ ಮೈನಸ್ ತಂತಿ ಕಳಚಿರಬೇಕು. ಆಲ್ಟರ್ನೇಟರಿನ ಬೆನ್ನಲ್ಲಿರುವ ದಪ್ಪ ತಂತಿಯ ಬೋಲ್ಟಿನಲ್ಲಿ ಚಾವಿ ಆರಿಸಿದರೂ ಬ್ಯಾಟರಿಯ ಕರೆಂಟು ಇದ್ದೇ ಇರುತ್ತದೆ. ಅಲ್ಲಿ ತಾಗಿದ ಪಾನಾ ಗಾಡಿಯ ಲೋಹದ ಮೈಯನ್ನೂ ಮುಟ್ಟಿದರೆ ಕಿಡಿ ಹಾರುವುದಷ್ಟೇ ಅಲ್ಲ, ತಂತಿಯೇ ಹೊತ್ತಿಕೊಳ್ಳಬಹುದು. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಂಡು, ಪ್ರತಿ ಪೈಪಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ. ನಂತರ ಒಂದನ್ನು ತೆಗೆದು, ಅದೇ ಉದ್ದಕ್ಕೆ ಹೊಸದನ್ನು ಕತ್ತರಿಸಿ, ಅದನ್ನು ಕೂರಿಸಿದ ಮೇಲೆಯೇ ಎರಡನೆಯದಕ್ಕೆ ಕೈ ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಕಿತ್ತು ಬಟ್ಟೆಯ ಮೇಲೆ ಹರಡಿಕೊಂಡವರ ಗಾಡಿ ಆ ದಿನ ಮನೆಗೆ ಹೋದದ್ದನ್ನು ನಾನು ಕಾಣೆ.

ಗಟ್ಟಿಯಾದ ಪೈಪನ್ನು ಎಳೆಯಬಾರದು. ಎಳೆದರೆ ಮುರಿಯುವುದು ಪೈಪಲ್ಲ, ಅಷ್ಟೇ ವಯಸ್ಸಾದ ಸೊಲೆನಾಯ್ಡಿನ ಪ್ಲಾಸ್ಟಿಕ್ ಮೂತಿ. ಆಗ ಪೈಪಿನ ಖರ್ಚು ವಾಲ್ವಿನ ಖರ್ಚಾಗುತ್ತದೆ. ತುದಿಯನ್ನು ಬ್ಲೇಡಿನಿಂದ ಉದ್ದಕ್ಕೆ, ಮೂತಿಗೆ ಗೀರು ಬೀಳದಂತೆ ಹಗುರವಾಗಿ ಸೀಳಿ, ಕಡಲೆಕಾಯಿ ಸಿಪ್ಪೆಯಂತೆ ಬಿಡಿಸಿಕೊಳ್ಳಬೇಕು. ಹೊಸ ತುದಿ ಬಿಗಿಯೆನಿಸಿದರೆ ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಸಾಕು, ಗ್ರೀಸು ಹಚ್ಚಬೇಡಿ: ಅದು ಇಪಿಡಿಎಂ ಪೈಪನ್ನು ಕೆಡಿಸುತ್ತದೆ. ಪೈಪು ಎಲ್ಲಿಯೂ ಮಡಿಚಿಕೊಳ್ಳದೆ ಅಗಲವಾಗಿ ಬಾಗಬೇಕು, ಎಕ್ಸಾಸ್ಟಿನಿಂದ ದೂರವಿರಬೇಕು, ಇಂಜಿನ್ ಅಲುಗಾಡಿದಾಗ ಎಳೆತ ಬೀಳದಷ್ಟು ಸಡಿಲವೂ ಇರಬೇಕು. ತೆಳು ಪೈಪುಗಳು ತಮ್ಮ ಬಿಗಿಯಿಂದಲೇ ಕೂರುತ್ತವೆ. ಅವಕ್ಕೆ ಸ್ಕ್ರೂ ಕ್ಲಿಪ್ಪು ಬಿಗಿದರೆ ರಬ್ಬರ್ ಕೊಯ್ದುಹೋಗುತ್ತದೆ.

ಪಂಪಿನ ಬಳಿ ಒಂದು ಎಚ್ಚರಿಕೆ. ಅಲ್ಲಿ ಮೂರು ಪೈಪುಗಳಿರುತ್ತವೆ: ಆಯಿಲ್ ಬರುವ ಸಣ್ಣ ಪೈಪು, ಆಯಿಲ್ ಮರಳುವ ದಪ್ಪ ಪೈಪು, ವ್ಯಾಕ್ಯೂಮಿನದು. ಆಯಿಲ್ ಮರಳುವ ಪೈಪಿಗೆ ವ್ಯಾಕ್ಯೂಮ್ ಪೈಪಿನ ತುಂಡನ್ನು ಹಾಕಿದರೆ ಅದು ಮೆತ್ತಗಾಗಿ ಕಳಚಿ, ಇಂಜಿನ್ನಿನ ಆಯಿಲ್ಲೆಲ್ಲ ರಸ್ತೆಗೆ ಹೋದೀತು. ಒಮ್ಮುಖ ವಾಲ್ವಿನ ದಿಕ್ಕನ್ನೂ ನೋಡಬೇಕು. ಅದರ ಮೇಲೆ ಬಾಣದ ಗುರುತಿದ್ದರೆ ಅದು ಪಂಪಿನ ಕಡೆಗಿರಬೇಕು. ಗುರುತಿಲ್ಲದಿದ್ದರೆ ವಾಲ್ವನ್ನು ಒರೆಸಿ ಬಾಯಿಂದ ಊದಿ ನೋಡಿ: ಬೂಸ್ಟರಿನ ಬದಿಯಿಂದ ಊದಿದರೆ ಗಾಳಿ ಹಾಯಬೇಕು, ಪಂಪಿನ ಬದಿಯಿಂದ ಊದಿದರೆ ಹಾಯಬಾರದು. ಎರಡೂ ಕಡೆಯಿಂದ ಹಾದರೆ ವಾಲ್ವು ಹೋಗಿದೆ. ತಿರುಗುಮುರುಗಾಗಿ ಕೂರಿಸಿದರೆ ಬೂಸ್ಟರಿಗೆ ವ್ಯಾಕ್ಯೂಮ್ ಮುಟ್ಟುವುದೇ ಇಲ್ಲ.

ಹಳೆಯ ಪೆಟ್ರೋಲ್ ಗಾಡಿಯಿದ್ದವರಿಗೆ ಎರಡೇ ಮಾತು. ಅಲ್ಲಿ ಸೋರಿಕೆಯಿಂದ ಒಳಬಂದ ಗಾಳಿ ನೇರವಾಗಿ ಉರಿಯುವ ಮಿಶ್ರಣವನ್ನು ಸೇರುವುದರಿಂದ ಐಡ್ಲಿಂಗ್ ಏರುಪೇರಾಗಿ, ಇಂಜಿನ್ ನಡುಗುತ್ತದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪೈಪು ಒಡೆದಿದ್ದರೆ ಕಿಡಿಯ ಟೈಮಿಂಗ್ ಮುಂದಕ್ಕೆ ಸರಿಯದೆ ಪೆಟ್ರೋಲ್ ಹೆಚ್ಚು ತಿನ್ನುತ್ತದೆ. ಪೈಪು ಬದಲಿಸುವ ಕ್ರಮ ಎರಡಕ್ಕೂ ಒಂದೇ.

ಎಲ್ಲವೂ ಕೂತ ಮೇಲೆ ಪರೀಕ್ಷೆಗೆ ಗೇಜ್ ಬೇಕಿಲ್ಲ. ಬ್ಯಾಟರಿ ತಂತಿ ಜೋಡಿಸಿ, ಇಂಜಿನ್ ಆರಿಸಿಯೇ ಪೆಡಲನ್ನು ನಾಲ್ಕೈದು ಸಲ ಒತ್ತಿ ಬೂಸ್ಟರಿನ ಹೊಟ್ಟೆ ಬರಿದು ಮಾಡಿ; ಪೆಡಲ್ ಕಲ್ಲಾಗುತ್ತದೆ. ಕಾಲನ್ನು ಹಾಗೆಯೇ ಒತ್ತಿಟ್ಟು ಇಂಜಿನ್ ಚಾಲೂ ಮಾಡಿದರೆ ಪೆಡಲ್ ಕಾಲಡಿಯಲ್ಲಿ ತಾನಾಗಿ ತುಸು ಕೆಳಗಿಳಿಯಬೇಕು. ಒಂದೆರಡು ನಿಮಿಷ ಓಡಿಸಿ ಆರಿಸಿ, ಐದು ನಿಮಿಷ ಬಿಟ್ಟು ಒತ್ತಿದರೆ ಒಂದೆರಡು ಒತ್ತು ಮೆತ್ತಗೆ ಸಿಗಬೇಕು. ನಮ್ಮ ಗಾಡಿಯ ಪೆಡಲ್ ಆ ದಿನ ಅರ್ಧ ಇಂಚಿನಷ್ಟು ಇಳಿಯಿತು. ಉಸ್ತಾದರು ಎರಡನೆಯ ಸಲವೂ ಆರಿಸಿ, ಚಹಾ ಕುಡಿದು ಬಂದು, ಇನ್ನೊಮ್ಮೆ ಒತ್ತಿ ನೋಡಿದ ಮೇಲೆಯೇ ಬಾನೆಟ್ ಇಳಿಸಿದರು. ದಪ್ಪ ಪೈಪಿನ ಕ್ಲಿಪ್ಪುಗಳು ಮೊದಲ ಬಿಸಿಗೆ ತುಸು ಸಡಿಲಾಗುವುದರಿಂದ, ವಾರದ ನಂತರ ಬಂದು ಬಿಗಿಸಿಕೊಂಡು ಹೋಗಲು ಹೇಳಿದರು.